ಬಾಟಲಿಯ ಮೇಲಿನ ಮೂರು ಗೆರೆ

ಆ ಬುಧವಾರ ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ ಶಾಲೆಯ ಗಂಟೆ ಬಾರಿಸಿತು. ಗೋಡೆಯ ಗಡಿಯಾರ ನೋಡಿ ಬಾರಿಸಲು ಹೇಳಿದವನು ನಾನೇ. ಮೂರು ಪೆಟ್ಟು. ಎರಡು ಓಣಿ ಆಚೆ ನಮ್ಮ ಮನೆಯಲ್ಲಿ ಆ ಪೆಟ್ಟಿಗಾಗಿಯೇ ಕಾಯುತ್ತಿದ್ದ ನಮ್ಮವ್ವ ಎದ್ದಳು. ದೇವರ ಗೂಡಿನಿಂದ ಔಷಧದ ಬಾಟಲಿ ತೆಗೆದು, ನಾನು ತೋರಿಸಿಕೊಟ್ಟಿದ್ದ ಗೆರೆಯ ತನಕ ಹಿತ್ತಾಳೆ ಬಟ್ಟಲಿಗೆ ಬಗ್ಗಿಸಿ, ನನ್ನ ಹೆಂಡತಿ ನೀಲವ್ವನ ಬಾಯಿಗೆ ಹಿಡಿದಳು. ನೀಲವ್ವ ಕಣ್ಣು ತೆರೆಯದೆಯೇ ಕುಡಿದಳು.

ಶ್ರಾವಣದಿಂದ ಇಲ್ಲಿಯ ತನಕ ಆ ಮೂರು ಪೆಟ್ಟು ನನ್ನ ತಲೆಯಲ್ಲಿ ಎಷ್ಟು ಸಲ ಬಿದ್ದಿವೆಯೋ ತಿಳಿಯದು. ಒಮ್ಮೊಮ್ಮೆ ಗಡಿಯಾರ ನಿಂತಿತ್ತು ಎಂದುಕೊಳ್ಳುತ್ತೇನೆ. ಒಮ್ಮೊಮ್ಮೆ ಗಂಟೆಯ ಹಗ್ಗ ಹರಿದಿತ್ತು ಎಂದುಕೊಳ್ಳುತ್ತೇನೆ. ಹೇಗೆ ತಿರುವಿದರೂ ಕೊನೆಗೆ ಅವ್ವ ಎದ್ದು ಗೂಡಿನ ಕಡೆಗೆ ಹೋಗುತ್ತಾಳೆ.

ಊರಿನ ಹೆಸರು ಬರೆಯುವುದಿಲ್ಲ. ಬದಾಮಿಯಿಂದ ಬಂಡಿ ಕಟ್ಟಿದರೆ ಅರ್ಧ ದಿನದ ದಾರಿ ಎಂದರೆ ಸಾಕು. ದವಾಖಾನೆಯ ಡಾಕ್ಟರರೂ ಕಂಪೌಂಡರರೂ ಈಗಲೂ ಅಲ್ಲಿದ್ದಾರೆ. ಅವರನ್ನು ನಾಲ್ಕು ಜನರೆದುರು ನಿಲ್ಲಿಸುವ ಯೋಗ್ಯತೆ ನನಗಿಲ್ಲ. ನಾನು ಅಲ್ಲಿಯ ಕನ್ನಡ ಶಾಲೆಯ ಹೆಡ್ ಮಾಸ್ತರ. ಪುಣೆಯ ಕಾಲೇಜಿನಲ್ಲಿ ಎರಡು ವರ್ಷ ಓದಿದವನು. ಗಾಜಿನ ನಳಿಗೆಯಲ್ಲಿ ದ್ರವ ಅಳೆಯುವಾಗ ಕಣ್ಣನ್ನು ಗೆರೆಯ ಮಟ್ಟಕ್ಕೇ ತರಬೇಕು ಎಂದು ಅಲ್ಲಿ ಕಲಿಸಿದ್ದರು. ಪರೀಕ್ಷೆಯಲ್ಲಿ ಅದನ್ನು ಸರಿಯಾಗಿ ಬರೆದೂ ಬಂದಿದ್ದೆ.

ನೀಲವ್ವ ಪಂಚಮಿಗೆ ಇಳಕಲ್ಲಿನ ತವರಿಗೆ ಹೋಗಿ ಬಂದ ಮೂರನೆಯ ದಿನಕ್ಕೆ ಅವಳ ಹೊಟ್ಟೆ ಕೆಟ್ಟಿತು. ಮೊದಲು ಅವ್ವ ದಾಳಿಂಬೆ ಸಿಪ್ಪೆ ಅರೆದು ಮಜ್ಜಿಗೆಯಲ್ಲಿ ಕೊಟ್ಟಳು. ನಿಲ್ಲಲಿಲ್ಲ. ರಕ್ತ ಕಂಡಿತು. ಎದ್ದು ಹಿತ್ತಿಲಿಗೆ ಹೋಗುವ ಶಕ್ತಿಯೂ ಉಳಿಯಲಿಲ್ಲ. ಮಂಗಳವಾರ ಸಂಜೆ ನಾನು ದವಾಖಾನೆಗೆ ಹೋಗಿ ಪಡಸಾಲೆಯಲ್ಲಿ ಕುಳಿತೆ.

ಅಲ್ಲಿ ಔಷಧ ಬೇಕಾದವರು ಬಾಟಲಿ ತಾವೇ ಒಯ್ಯಬೇಕು. ನಮ್ಮ ಮನೆಯಲ್ಲಿ ಮದುವೆಯ ಕಾಲದ ಪನ್ನೀರಿನ ಬಾಟಲಿ ಇತ್ತು, ಅದನ್ನೇ ಒಯ್ದಿದ್ದೆ. ಕಂಪೌಂಡರರು ಅದರಲ್ಲಿ ಸುಣ್ಣದ ನೀರಿನಂಥ ಬಿಳಿ ಔಷಧ ತುಂಬಿದರು. ಕಾಗದದ ಉದ್ದನೆಯ ಪಟ್ಟಿಯೊಂದನ್ನು ಮಡಚಿ, ಕತ್ತರಿಯಿಂದ ಅಂಚಿನಲ್ಲಿ ಕಚ್ಚು ಮಾಡಿ, ಗಂಜಿ ಹಚ್ಚಿ ಬಾಟಲಿಗೆ ಅಂಟಿಸಿದರು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿನ ತನಕ ಒಂದು ಸಲದ ಔಷಧ. "ಹಗಲು ಮೂರು ತಾಸಿಗೊಮ್ಮೆ ಕೊಡ್ರಿ ಮಾಸ್ತರ" ಎಂದರು. ಎಷ್ಟು ಕಚ್ಚು ಎಂದು ನಾನು ಎಣಿಸಲಿಲ್ಲ. ಪಟ್ಟಿ ಇದ್ದ ಮೇಲೆ ಎಣಿಸುವುದೇಕೆ?

ಆ ಸಂಜೆ ಒಂದು ಸಲ, ಮರುದಿನ ಬೆಳಗ್ಗೆ ಇನ್ನೊಂದು ಸಲ, ಕಚ್ಚು ನೋಡಿ ನಾನೇ ಕೊಟ್ಟು ಶಾಲೆಗೆ ಹೋದೆ.

ನಮ್ಮವ್ವ ಸ್ನಾನ, ಲಿಂಗಪೂಜೆ ಆಗುವ ತನಕ ನೀರನ್ನೂ ಮುಟ್ಟುತ್ತಿರಲಿಲ್ಲ. ಹೊರಗಿನಿಂದ ಬಂದ ಯಾವ ವಸ್ತುವಾದರೂ ಹಿತ್ತಿಲ ಬಾಗಿಲಿಗೆ ಬಂದು, ಬೂದಿ ಹಚ್ಚಿಸಿಕೊಂಡು, ತೊಳೆಸಿಕೊಂಡೇ ಒಳಗೆ ಬರಬೇಕು. ನನ್ನ ಕಾಲೇಜಿನ ಪುಸ್ತಕಗಳಿಗೇ ಅವಳು ನೀರು ಚಿಮುಕಿಸಿದ್ದಳು. ಆ ಬೆಳಗ್ಗೆ ಬಾಟಲಿಯೂ ಹಿತ್ತಿಲಿಗೆ ಹೋಯಿತು.

ಹನ್ನೆರಡು ಗಂಟೆಗೆ ಉಣ್ಣಲು ಮನೆಗೆ ಬಂದೆ. ಮರುದಿನ ಶಾಲೆಗೆ ಇನ್ಸ್ಪೆಕ್ಟರರು ಬರುವವರಿದ್ದರು. ಹಾಜರಿ ಪುಸ್ತಕ ಕಂಕುಳಲ್ಲೇ ಇತ್ತು. ಗೂಡಿನಿಂದ ಬಾಟಲಿ ತೆಗೆದೆ. ಕಾಗದದ ಪಟ್ಟಿ ಇರಲಿಲ್ಲ. ಅದಿದ್ದ ಜಾಗದಲ್ಲಿ ಅಡ್ಡಕ್ಕೆ ಮೂರು ಬಿಳಿಯ ಗೆರೆಗಳಿದ್ದವು. ಆ ದಿನ ಕೊಡುವುದು ಇನ್ನು ಮೂರು ಸಲ: ಈಗ, ಮೂರಕ್ಕೆ, ಆರಕ್ಕೆ. ಗೆರೆ ಮೂರು, ಔಷಧ ಮೂರು ಸಲ. ನನ್ನ ಮನಸ್ಸು ಅಲ್ಲಿಗೆ ನಿಂತಿತು. ಮೊದಲ ಗೆರೆಯ ತನಕ ಬಗ್ಗಿಸಿ ನೀಲವ್ವನಿಗೆ ಕುಡಿಸಿದೆ. "ಇವತ್ತ ಭಾಳ ಆತಲ್ರಿ" ಎಂದಳು. "ಸುಮ್ನ ಕುಡಿ" ಎಂದೆ. ಅವ್ವನಿಗೆ ಎರಡನೆಯ ಗೆರೆ ತೋರಿಸಿದೆ.

"ಮೂರರ ಗಂಟಿ ಕೇಳಿದ ಕೂಡ್ಲೆ ಇಲ್ಲಿ ತನಕ ಕೊಡವ್ವ."

ಅವ್ವ ಗೆರೆಯನ್ನು ನೋಡಿದಳು, ನನ್ನನ್ನು ನೋಡಿದಳು. ಏನೋ ಕೇಳಲು ಬಾಯಿ ತೆರೆದಂತೆ ನೆನಪು. ಅಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿದ್ದೆ.

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಹುಸೇನಸಾಬ ಕಾಕಾ ಶಾಲೆಯ ಬಾಗಿಲಲ್ಲಿ ನಿಂತಿದ್ದರು. ತಲೆಗೆ ರುಮಾಲಿರಲಿಲ್ಲ. ನಮ್ಮ ಎದುರು ಮನೆಯವರು. ಕಲಾದಗಿಯಲ್ಲಿ ಇಂಗ್ಲಿಷರ ದಂಡು ಇದ್ದ ಕಾಲಕ್ಕೆ ಅಲ್ಲಿಯ ಆಸ್ಪತ್ರೆಯಲ್ಲಿ ರೋಗಿಗಳ ಚಾಕರಿ ಮಾಡಿದವರು. ಈಗ ಮಗನ ಮಗ್ಗದ ಪಕ್ಕದಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದರು.

"ಮಾಸ್ತರ, ಲಗೂನ ಮನಿಗೆ ಬರ್ರಿ. ಸೊಸಿಗೆ ಮೂರು ದಿನದ ಮ್ಯಾಲ ಇವತ್ತ ಕಣ್ಣು ಹತ್ಯಾವು ಅಂತ ನಿಮ್ಮ ಅವ್ವಾರು ಖುಷಿಯಾಗಿ ಹೇಳಾಕತ್ಯಾರ. ನಾ ಕಟ್ಟಿ ಮ್ಯಾಲ ಕುಂತು ಆ ಗೊರಕಿ ಕೇಳೇನಿ. ಅದು ಛಲೋ ನಿದ್ದಿ ಅಲ್ರಿ."

ಓಡಿದೆವು. ನೀಲವ್ವ ಅಂಗಾತ ಮಲಗಿದ್ದಳು. ಉಸಿರು ಎಳೆದು, ನಿಲ್ಲಿಸಿ, ಇನ್ನು ಬರುವುದಿಲ್ಲ ಎನ್ನುವಾಗ ಮತ್ತೆ ಎಳೆಯುತ್ತಿದ್ದಳು. ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಿತ್ತು. ಕಾಕಾ ಹೊಸ್ತಿಲ ಹೊರಗೇ ನಿಂತರು. "ರೆಪ್ಪಿ ಎತ್ತಿ ನೋಡ್ರಿ" ಎಂದರು. ಎತ್ತಿದೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು.

"ಬಾಟ್ಲಿ ಕೊಡ್ರಿ ಇಲ್ಲಿ." ಮೂಸಿದರು. "ಇದರಾಗ ಅಫೀಮು ಐತಿ. ಎಷ್ಟು ಕೊಟ್ರಿ?"

ನಾನು ಗೆರೆ ತೋರಿಸಿದೆ.

"ಇವು ಯಾರು ಹಾಕಿದ ಗೆರಿ?"

"ನಾನ ಹಚ್ಚಿದ್ದು, ವಿಭೂತಿ," ಎಂದಳು ಅವ್ವ. "ದವಾಖಾನಿ ಬಾಟ್ಲಿ, ಯಾರ್ಯಾರ ಕೈ ಹತ್ತಿತ್ತೋ ಏನೋ ಅಂತ ಬೂದಿ ಹಚ್ಚಿ ತೊಳದೆ. ಕಾಗದ ನೀರಾಗ ಹೋತು. ದೇವರ ಗೂಡಿನ್ಯಾಗ ಇಡೂದಲ್ಲ, ಅದಕ್ಕ ಮೂರು ಬಟ್ಟು ಎಳದೆ." ನನ್ನ ಕಡೆ ತಿರುಗಿದಳು. "ನೀ ಅದನ್ನ ತೋರಿಸಿ ಇಲ್ಲಿ ತನಕ ಕೊಡು ಅಂದಾಗ, ಇದು ನನ್ನ ವಿಭೂತಿ ಅಲ್ಲೇನೋ ತಮ್ಮಾ ಅನಬೇಕಂದೆ. ಓದಿದಾವ, ಅದಕ್ಕೂ ಇದಕ್ಕೂ ಏನೋ ಲೆಕ್ಕ ಇರಬೇಕು ಅಂತ ಸುಮ್ಮನಾದೆ."

ಕಾಕಾ ಅವಳ ಮಾತು ಮುಗಿಯಲು ಬಿಡಲಿಲ್ಲ. "ಎಬ್ಬಿಸಿ ನಿಂದರಸ್ರಿ. ಮಲಗಿದ್ರ ಹೋದ್ರು. ಸಾಸಿವಿ ಅರದು ಬಿಸಿನೀರಾಗ ಕುಡಸ್ರಿ, ಕಾರಲಿ. ಮುಖಕ್ಕ ತಣ್ಣೀರು ಹೊಡೀರಿ. ನಡಸ್ರಿ, ನಡಸ್ರಿ."

ನಾನೊಂದು ರಟ್ಟೆ, ಅವ್ವ ಒಂದು ರಟ್ಟೆ. ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ. ನೀಲವ್ವನ ಕಾಲು ನೆಲದ ಮೇಲೆ ಎಳೆದುಕೊಂಡು ಬರುತ್ತಿದ್ದವು. ಸಾಸಿವೆ ನೀರು ಅರ್ಧ ಒಳಗೆ, ಅರ್ಧ ಸೀರೆಯ ಮೇಲೆ. ಒಮ್ಮೆ ಕಾರಿದಳು. ಕಾಕಾ ತಮ್ಮ ಮನೆಯಿಂದ ಕರಿ ಚಹಾ ಕಾಸಿ ತಂದು ಹೊಸ್ತಿಲ ಮೇಲಿಟ್ಟರು. ಅದು ಅವರಿಗೆ ದಂಡಿನಲ್ಲಿ ಹತ್ತಿದ ಚಟ. ಊರಿನಲ್ಲಿ ಬೇರೆ ಯಾರ ಮನೆಯಲ್ಲೂ ಚಹಾದ ಪುಡಿ ಇರಲಿಲ್ಲ. ಇನ್ನು ಮೂರು ಸುತ್ತು ತಿರುಗುವಷ್ಟರಲ್ಲಿ ಅವ್ವ ದಣಿದು ನೆಲಕ್ಕೆ ಕುಳಿತಳು. ಕುಳಿತಲ್ಲಿಂದಲೇ ಬಾಗಿಲ ಕಡೆ ನೋಡಿದಳು.

"ಹುಸೇನಣ್ಣಾ, ಒಳಗ ಬಾ."

"ಅಕ್ಕಾರ, ನಾ..."

"ಹಿಡಿಯೋ ಮಾರಾಯಾ! ಮಡಿ ಮಾಡೇ ಈ ಗತಿ ಬಂದೈತಿ."

ಆ ಮುದುಕರು ಹೊಸ್ತಿಲು ದಾಟಿ ನೀಲವ್ವನ ಇನ್ನೊಂದು ರಟ್ಟೆ ಹಿಡಿದರು. ನಾನು ಅವರ ಕೈಗೆ ಬಿಟ್ಟು ದವಾಖಾನೆಗೆ ಓಡಿದೆ. ಬಾಗಿಲಿಗೆ ಬೀಗ. ಐದಕ್ಕೆ ತೆರೆಯುತ್ತಾರೆ. ಮುಚ್ಚಿದ ಬಾಗಿಲ ಮುಂದೆ ಏಳೆಂಟು ಜನ ಆಗಲೇ ಕುಳಿತಿದ್ದರು. ಅವರಲ್ಲೊಬ್ಬ ನನ್ನನ್ನು ನೋಡಿ, "ಪಾಳಿ ಹಚ್ರಿ ಮಾಸ್ತರ, ಕಾಲೇಜ್ ಕಲಿತವ್ರಿಗೆ ಬ್ಯಾರೆ ಬಾಗಲಾ ಇಲ್ಲ" ಎಂದು ನಕ್ಕ. ಕಂಪೌಂಡರರ ಮನೆಗೆ ಓಡಿದೆ. ನಿದ್ದೆಗಣ್ಣಲ್ಲಿ ಬಂದವರು ನನ್ನ ಮಾತು ಕೇಳಿ ಬಾಗಿಲ ಚೌಕಟ್ಟು ಹಿಡಿದರು.

"ಹನ್ನೆರಡು ಕಚ್ಚು ಇದ್ದೂವಲ್ರಿ ಅದರಾಗ! ಮೂರು ದಿನದ ಔಷಧ!"

ಡಾಕ್ಟರರು ಬಾಗಲಕೋಟೆಗೆ ಹೋಗಿದ್ದವರು ದೀಪ ಹಚ್ಚುವ ಹೊತ್ತಿಗೆ ಬಂದರು. ಅಷ್ಟರ ತನಕ ನೀಲವ್ವನನ್ನು ನಡೆಸಿದ್ದೆವು. ಬೈದಿದ್ದೆವು, ಕೆನ್ನೆಗೆ ಹೊಡೆದಿದ್ದೆವು, ಅವಳ ತವರಿನ ಹೆಸರೆಲ್ಲ ಹಿಡಿದು ಕೂಗಿದ್ದೆವು. "ಒಂದೀಟು ಮಲಗಸ್ರಿ, ನಿಮ್ಮ ಕಾಲು ಬೀಳ್ತೇನಿ" ಎಂದು ಅವಳು ಬೇಡಿಕೊಂಡದ್ದಕ್ಕೆ ನಾನು ಕೊಟ್ಟ ಉತ್ತರ ತಣ್ಣೀರು. ಡಾಕ್ಟರರು ಅಫೀಮು ಮುರಿಯುವ ನೇರಳೆ ಬಣ್ಣದ ನೀರು ಕುಡಿಸಿದರು. ನಾಡಿ ನೋಡಿದರು. ಆಮೇಲೆ ಕೇಳಿದರು:

"ಔಷಧ ಕೊಟ್ಟವರು ಯಾರು?"

"ನಾ ರೀ ಸಾಹೇಬ್ರ," ಎಂದಳು ಅವ್ವ.

"ಎರಡೂ ಸಲ?"

"ಎರಡೂ ಸಲ ನಾನ."

ಡಾಕ್ಟರರು ನನ್ನ ಕಡೆ ತಿರುಗಿದರು. "ಓದು ಬರಹ ಇಲ್ಲದ ಮುದುಕಿ ಕೈಗೆ ಬಾಟಲಿ ಕೊಟ್ಟೀರಲ್ಲ, ಕಲಿತವರಾಗಿ!"

ಬಾಗಿಲಲ್ಲಿ ಓಣಿಯವರು ತುಂಬಿದ್ದರು. ನಾನು ಸುಮ್ಮನೆ ನಿಂತೆ.

ನೀಲವ್ವ ಉಳಿದಳು. ಆದರೆ ಆ ಮೇಲೆ ನಮ್ಮ ಮನೆಯಲ್ಲಿ ನಿದ್ದೆ ಎಂಬುದು ಉಳಿಯಲಿಲ್ಲ. ಅವಳಿಗೆ ಕಣ್ಣು ಮುಚ್ಚಲು ಭಯ. ನನಗೆ ಅವಳು ಕಣ್ಣು ಮುಚ್ಚಿದರೆ ಭಯ. ಅವಳ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ಮಲಗುತ್ತಿದ್ದೆ, ಉಸಿರಿಗೊಮ್ಮೆ ಅದು ಜಗ್ಗುವುದು ತಿಳಿಯಲಿ ಎಂದು. ಜಗ್ಗದಿದ್ದರೆ ಅವಳನ್ನು ಅಲುಗಿಸುತ್ತಿದ್ದೆ. "ಅದೇನಿ ರೀ, ಜೀವಂತ ಅದೇನಿ" ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಅಲುಗಿಸುತ್ತಿದ್ದೆ.

ಓಣಿಯಲ್ಲಿ ಅವ್ವನಿಗೆ ಹೆಸರು ಬಿತ್ತು, ಸೊಸೆಗೆ ಅಫೀಮು ಹಾಕಿದ ಅತ್ತೆ ಎಂದು. ನೀರಿಗೆ ಹೋದಲ್ಲಿ ಕೊಡ ಇಳಿಸುವಾಗ ಯಾರೋ ಎಂದರಂತೆ, "ಅಕ್ಕಾ, ನಮ್ಮ ಸೊಸಿಗೂ ನಿದ್ದಿ ಬರವಲ್ದು, ಒಂದೀಟು ವಿಭೂತಿ ಕೊಡು." ಅವ್ವ ಮನೆಗೆ ಬಂದು ಇದನ್ನು ತಾನೇ ಹೇಳಿ ತಾನೇ ನಕ್ಕಳು. ನಾನು ಆಗಲೂ ಏನೂ ಹೇಳಲಿಲ್ಲ. ಹೇಳಿದರೆ ಮಾಸ್ತರಿಕೆ ಹೋಗುತ್ತದೆ, ಊರ ಮಕ್ಕಳು ನಗುತ್ತಾರೆ, ಹೀಗೆ ಕಾರಣಗಳಿದ್ದವು. ಕಾರಣಗಳು ಹಗಲು ಸಾಕಾಗುತ್ತಿದ್ದವು.

ನೀಲವ್ವನ ಹೊಟ್ಟೆ ಪೂರ್ತಿ ನೆಟ್ಟಗಾಗದ ಕಾರಣ ವಾರಕ್ಕೆರಡು ಸಲ ದವಾಖಾನೆಯ ಪಡಸಾಲೆಯಲ್ಲಿ ಕುಳಿತುಕೊಳ್ಳುವುದು ತಪ್ಪಲಿಲ್ಲ. ಸುಮ್ಮನೆ ಕುಳಿತರೆ ಆ ಮಧ್ಯಾಹ್ನ ನೆನಪಾಗುತ್ತಿತ್ತು. ಅದಕ್ಕೆ ಒಂದು ನೋಟ್‌ಬುಕ್ಕು ಒಯ್ದು ಬರೆಯತೊಡಗಿದೆ. ಯಾರು ಬಂದರು, ಎಷ್ಟು ಹೊತ್ತು ಕುಳಿತರು, ಔಷಧವನ್ನು ಯಾವುದರಲ್ಲಿ ಒಯ್ದರು, ಅವರಿಗೆ ಏನು ಹೇಳಿ ಕಳಿಸಿದರು. ಎರಡು ತಿಂಗಳು ಬರೆದ ಮೇಲೆ ತಿರುವಿ ಹಾಕಿದಾಗ, ಪ್ರತಿ ಸಲ ನೋಡಿಯೂ ನನ್ನ ಕಣ್ಣಿಗೆ ಬೀಳದಿದ್ದ ಒಂದು ಸಂಗತಿ ಎದ್ದು ಕಂಡಿತು. ಗಾಜಿನ ಬಾಟಲಿ ಇದ್ದದ್ದು ನನ್ನಂಥ ಕೆಲವರ ಮನೆಯಲ್ಲಿ ಮಾತ್ರ. ಉಳಿದವರು ಮಣ್ಣಿನ ಕುಡಿಕೆ ತರುತ್ತಿದ್ದರು. ಮಣ್ಣಿಗೆ ಕಾಗದ ಅಂಟುವುದಿಲ್ಲ. ಅಂಟಿದರೂ ಒಳಗಿನ ಔಷಧ ಹೊರಗೆ ಕಾಣುವುದಿಲ್ಲ. ಅವರಿಗೆ ಪಟ್ಟಿಯೇ ಇರಲಿಲ್ಲ. "ಎರಡು ಬಟ್ಟಿನಷ್ಟು ಕೊಡು" ಎಂದು ಎರಡು ಬೆರಳು ತೋರಿಸಿ ಕಳಿಸುತ್ತಿದ್ದರು. ಯಾರ ಬಟ್ಟು, ಯಾವ ಬಟ್ಟಲಿನಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ಊರ ಹೊರಗಿನ ಕೇರಿಯವರು ಪಡಸಾಲೆಯನ್ನು ಹತ್ತುವಂತಿರಲಿಲ್ಲ. ಎಲ್ಲರದೂ ಮುಗಿದ ಮೇಲೆ ಅವರ ಕುಡಿಕೆಗೆ ಕಿಟಕಿಯಿಂದ ಸುರಿಯುತ್ತಿದ್ದರು. ಸುರಿಯುವಾಗ ಹೇಳಿದ ಮಾತು ಬೇಲಿಯ ತನಕ ಕೇಳುತ್ತಿತ್ತೋ ಇಲ್ಲವೋ.

ಆ ಬೇಲಿಯ ಹತ್ತಿರ ದುರ್ಗವ್ವ ಎಂಬವಳು ಸಿಕ್ಕಳು. ಖಾಲಿ ಕುಡಿಕೆಯನ್ನು ಬೋರಲು ಹಾಕಿಕೊಂಡು ಕುಳಿತಿದ್ದಳು. ಯಾರಿಗೆ ಔಷಧ ಎಂದು ಕೇಳಿದೆ.

"ಈಗ ಗಂಡಗ ರೀ. ಹೋದ ತಿಂಗಳ ಕೂಸಿಗೆ ಒಯ್ದಿದ್ದೆ. ಹಂತಾದ ಬಿಳೇದು."

"ಕೂಸು ಹ್ಯಾಂಗೈತಿ?"

"ಭಾಳ ಅಳತಿತ್ರಿ. ಎರಡು ಬಟ್ಟು ಅಂದ್ರು, ಕೊಟ್ಟೆ. ಅಳೂದು ನಿಂತು ಮಲಗ್ತು. ನನಗೂ ಭಾಳ ದಿನದ ಮ್ಯಾಲ ಕಣ್ಣು ಹತ್ತಿದ್ದೂವು." ಕುಡಿಕೆಯ ತಳವನ್ನು ಸೆರಗಿನಿಂದ ಒರೆಸಿದಳು. "ಮುಂಜಾನಿ ನೋಡಿದ್ರ ತಣ್ಣಗಾಗಿತ್ರಿ. ಅದರ ಹಣ್ಯಾಗ ಅಷ್ಟ ಇತ್ತು." ಆಮೇಲೆ ನನ್ನನ್ನು ಗುರುತು ಹಿಡಿದಳು. "ನೀವು ಮಾಸ್ತರ ಅಲ್ಲೇನ್ರಿ? ನಿಮ್ಮ ಮನಿಯವ್ರು ಎದ್ರಂತಲ್ಲ. ಛಲೋ ಆತು ಬಿಡ್ರಿ."

ಅವಳ ಮನೆಯ ಎದುರು ಹುಸೇನಸಾಬ ಕಾಕಾ ಇರಲಿಲ್ಲ. ಆ ನಿದ್ದೆ ಒಳ್ಳೆಯದಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ. ಆ ಕೂಸು ಔಷಧದಿಂದಲೇ ಹೋಯಿತು ಎಂದು ನಾನು ಪ್ರಮಾಣ ಮಾಡಲಾರೆ, ರೋಗದಿಂದಲೂ ಹೋಗಿರಬಹುದು. ಯಾರೂ ನೋಡಲಿಲ್ಲ, ಕೇಳಲಿಲ್ಲ, ಬರೆದುಕೊಳ್ಳಲಿಲ್ಲ.

ನೋಟ್‌ಬುಕ್ಕನ್ನು ಡಾಕ್ಟರರಿಗೆ ಒಯ್ದು ತೋರಿಸಿದೆ. ಕಾಕಾ ಹೇಳಿಕೊಟ್ಟ ಉಪಾಯವನ್ನೂ ಹೇಳಿದೆ: ಬಾಟಲಿಗೆ ಕಾಗದದ ಬದಲು ಮಗ್ಗದ ನೂಲು ಬಿಗಿದು ಕಟ್ಟುವುದು, ತೊಳೆದರೂ ಹೋಗುವುದಿಲ್ಲ. ಕುಡಿಕೆಯವರಿಗೆ ಒಂದೇ ಅಳತೆಯ ಸಣ್ಣ ಮಣ್ಣಿನ ಪಣತಿ ಕೊಡುವುದು, ಕುಂಬಾರರಿಗೆ ಹೇಳಿದರೆ ಆಗುತ್ತದೆ. ಡಾಕ್ಟರರು ಹಾಳೆಗಳನ್ನು ತಾಳ್ಮೆಯಿಂದ ತಿರುವಿದರು. ಕೆಟ್ಟ ಮನುಷ್ಯ ಅಲ್ಲ. ಬೆಳಗಿನಿಂದ ನಿಂತ ಕಾಲು ಅವರದು.

"ಮಾಸ್ತರ, ನಿಮ್ಮ ಸಾಲಿಯೊಳಗ ಒಬ್ಬ ಹುಡುಗನಿಗೆ ಬರಿಯಾಕ ಎಷ್ಟು ಪಾಟಿ?"

"ಒಂದು. ಕೆಲವರಿಗೆ ಅದೂ ಇಲ್ಲ."

"ಮ್ಯಾಲ ಬರದು ತಿಳಿಸೀರಿ?"

"ಬರೆದೇನಿ."

"ಬಂದಾವ?"

ಅವರು ನೋಟ್‌ಬುಕ್ಕು ಮುಚ್ಚಿ ನನ್ನ ಕಡೆ ಸರಿಸಿದರು. "ನಾನೂ ಬರೀತೇನಿ. ಪಣತಿ ಮಾಡಿಸಿದ್ರ ಯಾರ ಮುಟ್ಟಿದ ಪಣತಿ ಅಂತ ನಾಳೆ ಜಗಳ ಆಗ್ತದ. ನಿಮ್ಮ ಮನಿಯಾಗ ಬಾಟಲಿ ತೊಳದವ್ರು ಯಾಕ ತೊಳದ್ರು, ಹೇಳ್ರಿ?"

ಪುಷ್ಯದ ಚಳಿಯಲ್ಲಿ ಅವ್ವನಿಗೆ ಜ್ವರ ಬಂತು. ಬರಿಯ ಜ್ವರ, ದವಾಖಾನೆಯಲ್ಲಿ ಅದಕ್ಕೆ ಔಷಧವಿತ್ತು. ಬಾಟಲಿ ತರುತ್ತೇನೆ ಎಂದಾಗ ನನ್ನ ಕೈ ಹಿಡಿದಳು. "ಅದನ್ನ ಈ ಮನಿಯೊಳಗ ತರಬ್ಯಾಡ ತಮ್ಮಾ. ಕೊಡಾವ್ರು ಯಾರು? ನೀಲವ್ವ ಕೊಟ್ರ ಅಕೀಗೆ ಹೆಸರು ಬರ್ತೈತಿ. ನೀ ಕೊಟ್ರ ನಿನಗ ಬರ್ತೈತಿ. ನನಗ ಒಬ್ಬಾಕಿಗೆ ಬಂದದ್ದು ಸಾಕು." ಆರನೆಯ ದಿನ ಹೋದಳು. ಆ ಆರು ದಿನ ನನ್ನ ಬಾಯಿಗೆ ಬಂದು ಬಂದು ಮಾತು ತಿರುಗಿ ಹೋಯಿತು. ಹಣೆಗೆ ಕೊನೆಯ ಸಲ ಮೂರು ಬಟ್ಟು ವಿಭೂತಿ ಎಳೆದವನು ನಾನೇ. ಮೊದಲ ಗೆರೆ ಸೊಟ್ಟಗಾದಾಗ ಹುಸೇನಸಾಬ ಕಾಕಾ ದೂರದಿಂದ, "ಸಾವಕಾಶ, ಮಾಸ್ತರ" ಎಂದರು. ಸಮಾಧಿಗೆ ಬಂದ ಹೆಂಗಸರಲ್ಲಿ ಇಬ್ಬರು ಅಲ್ಲಿಯೂ ಅಫೀಮಿನ ಮಾತು ತೆಗೆದರಂತೆ.

ಯುಗಾದಿಯ ದಿನ ಬೇವು ಬೆಲ್ಲ ತಿಂದು ಕುಳಿತಿದ್ದೆವು. ನಾನು ಕಲಿಸಿದ ಅಕ್ಷರ ಕೂಡಿಸಿಕೊಂಡು ನೀಲವ್ವ ಆ ನೋಟ್‌ಬುಕ್ಕನ್ನು ಬೆರಳಿಟ್ಟು ಓದುತ್ತಿದ್ದಳು. ಬಹಳ ಹೊತ್ತಿನ ಮೇಲೆ ತಲೆ ಎತ್ತಿದಳು.

"ಎಲ್ಲಾರ ಹೆಸರೂ ಬರದೀರಿ. ನನ್ನ ಹೆಸರು ಇಲ್ಲಲ್ರಿ ಇದರಾಗ?"

ಮೊದಲ ಹಾಳೆಯನ್ನು ನಾನು ಖಾಲಿ ಬಿಟ್ಟಿದ್ದೆ. ಅದರ ಮೇಲೆ ಬರೆದೆ: ಬುಧವಾರ ಹನ್ನೆರಡು ಗಂಟೆಗೆ ನೀಲವ್ವನಿಗೆ ಮೊದಲ ಗೆರೆಯ ತನಕ ಕೊಟ್ಟವನು ನಾನು. ಮೂರಕ್ಕೆ ಎರಡನೆಯ ಗೆರೆಯ ತನಕ ಕೊಡಲು ಹೇಳಿದವನೂ ನಾನು. ಬರೆದು ಅವಳ ಮುಂದಿಟ್ಟೆ. ಓದಿದಳು.

"ಗೊತ್ತೈತ್ರಿ. ಅವತ್ತ ನಿದ್ದಿ ಬಂದಿತ್ತು, ಕಣ್ಣು ಹೋಗಿರಲಿಲ್ಲ. ಬಟ್ಟಲಾ ಹಿಡದ ಕೈ ನೋಡೇನಿ."

"ಮತ್ತ ಯಾಕ ಹೇಳಲಿಲ್ಲ?"

"ಅತ್ತಿ ಬ್ಯಾಡ ಅಂದಿದ್ರು. ಅವಾ ತಾನಾಗೇ ಹೇಳ್ತಾನ, ದಾರಿ ನೋಡು ಅಂದಿದ್ರು. ತಾವೂ ನೋಡಿದ್ರು."

ಅವ್ವ ಆರು ದಿನ ನನ್ನ ಮುಖವನ್ನೇ ನೋಡುತ್ತ ಮಲಗಿದ್ದು ಯಾಕೆ ಎಂದು ಆಗ ತಿಳಿಯಿತು. ಸಂಜೆ ಹುಸೇನಸಾಬ ಕಾಕಾನ ಕಟ್ಟೆಯ ಮೇಲೆ ಓಣಿಯವರಿದ್ದಾಗ ಹೋಗಿ ಆ ಹಾಳೆಯನ್ನು ಗಟ್ಟಿಯಾಗಿ ಓದಿದೆ. ಯಾರೂ ಬೈಯಲಿಲ್ಲ. ಒಬ್ಬ ಮುದುಕಿ, "ಈಗ ಯಾರಿಗೆ ಹೇಳ್ತೀಯಪ್ಪಾ" ಎಂದು ಎದ್ದು ಒಳಗೆ ಹೋದಳು.

ಮರುದಿನ ಹೊತ್ತೇರಿ ಎಚ್ಚರವಾದಾಗ ನನ್ನ ಕೈಯಲ್ಲಿ ಸೆರಗಿನ ತುದಿ ಇರಲಿಲ್ಲ. ತಟ್ಟನೆ ಎದ್ದು ಕುಳಿತೆ. ಆಮೇಲೆ ಒಲೆಯ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. "ನಾನೂ ಈಗ ಎದ್ದೆ ರೀ," ಎಂದಳು ನೀಲವ್ವ, "ನೀವು ಒಮ್ಮೆನೂ ಅಲುಗಿಸಲಿಲ್ಲ." ಅಷ್ಟರಲ್ಲಿ ಶಾಲೆಯ ಗಂಟೆ ಬಾರಿಸಿತು. ನಾನಿಲ್ಲದೆ ಯಾರೋ ಬಾರಿಸಿದ್ದರು. ನೋಟ್‌ಬುಕ್ಕು ಕಂಕುಳಲ್ಲಿ ಹಿಡಿದು ಓಡಿದೆ. ದಾರಿಯಲ್ಲಿ ದವಾಖಾನೆಯ ಬೇಲಿಯ ಹೊರಗೆ ಕುಡಿಕೆಗಳು ಆಗಲೇ ಸಾಲಾಗಿ ಕುಳಿತಿದ್ದವು. ಒಂದರ ಮೇಲೂ ಗುರುತಿರಲಿಲ್ಲ. ಹಿಂದಿನ ರಾತ್ರಿ ನಾವಿಬ್ಬರೂ ನಿದ್ದೆ ಮಾಡಿದ್ದೆವು.